ಕ್ಲಿನಿಕ್‌ನಲ್ಲಿ ಹೇಳಿದ್ದು ಗುಟ್ಟಾಗಿರುತ್ತಾ?

ಇವತ್ತಿನ ವಿಷಯ ಸ್ವಲ್ಪ ಗಂಭೀರ. ಇಯರ್‌ಫೋನ್ ಇದ್ರೆ ಹಾಕ್ಕೊಳ್ಳಿ.

ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ ಅನ್ನೋ ಬೋರ್ಡ್ ನೋಡಿರ್ತೀರಿ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಭಾಗ ಇದು. 10ರಿಂದ 19 ವರ್ಷದವರಿಗಾಗಿ ಇರೋದು. ಮುಟ್ಟಿನ ತೊಂದರೆ, ರಕ್ತಹೀನತೆ, ಮನಸ್ಸಿನ ಒತ್ತಡ, ಪ್ರೀತಿ-ಸಂಬಂಧದ ಗೊಂದಲ, ಯಾವುದನ್ನಾದ್ರೂ ಕೇಳಬಹುದು. ಹೇಳಿದ್ದು ಗುಟ್ಟಾಗಿರುತ್ತೆ ಅನ್ನೋದೇ ಅದರ ಜೀವಾಳ.

ಈಗ 17 ವರ್ಷದ ಒಬ್ಬ ಹುಡುಗಿ ಅಂದ್ಕೊಳ್ಳಿ. ಲವ್ ಇದೆ, ಮುಟ್ಟು ನಿಂತಿದೆ. ಅವಳು ಆ ಕ್ಲಿನಿಕ್ಕಿಗೆ ಹೋಗ್ತಾಳಾ? 2012ರ ಪೋಕ್ಸೊ ಕಾಯ್ದೆ ಪ್ರಕಾರ 18 ತುಂಬದವರ ಒಪ್ಪಿಗೆ ಲೆಕ್ಕಕ್ಕಿಲ್ಲ. ಅದರ 19ನೇ ಸೆಕ್ಷನ್ ಪ್ರಕಾರ ವಿಷಯ ಗೊತ್ತಾದವರು, ಡಾಕ್ಟರ್ ಕೂಡ, ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ರೆ 6 ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಅಂದ್ರೆ ಗೋಡೆ ಮೇಲೆ ಗುಟ್ಟಿನ ಭರವಸೆ, ಡಾಕ್ಟರ್ ತಲೆ ಮೇಲೆ ವರದಿ ಮಾಡೋ ಹೊಣೆ. ಭಯಬಿದ್ದ ಹುಡುಗಿ ಮೆಡಿಕಲ್ ಶಾಪ್ ಮಾತ್ರೆ ನುಂಗಿ, ರಕ್ತಸ್ರಾವ ನಿಲ್ಲದಾಗ ಆಸ್ಪತ್ರೆಗೆ ಬರೋದು ಇದರಿಂದಲೇ.

ಹಾಗಂತ ಆ ಸೆಕ್ಷನ್ ತೆಗೆದುಬಿಡಿ ಅಂತ ನಾನು ಹೇಳಲ್ಲ. ಮಕ್ಕಳಿಗೆ ತೊಂದರೆ ಕೊಡೋರು ಹೆಚ್ಚಿನ ಸಲ ಗೊತ್ತಿರೋರೇ: ಚಿಕ್ಕಪ್ಪ, ಪಕ್ಕದ ಮನೆಯವರು, ಮೇಷ್ಟ್ರು. ವರದಿ ಕಡ್ಡಾಯ ಇಲ್ಲದಿದ್ರೆ ‘ಮರ್ಯಾದೆ ಪ್ರಶ್ನೆ’ ಅಂತ ಎಲ್ಲ ಮುಚ್ಚಿಹೋಗುತ್ತೆ.

ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಒಂದು ದಾರಿ ತೋರಿಸ್ತು. ತಮಾಷೆ ಅಂದ್ರೆ, ಆ ಕೇಸ್ ಮದುವೆಯಾಗದ 25 ವರ್ಷದ ಮಹಿಳೆಯದ್ದು. ತೀರ್ಪಲ್ಲಿ ಅಪ್ರಾಪ್ತರ ಮಾತೂ ಬಂತು. ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಅವಳ ಪೋಷಕರು ಕೇಳಿಕೊಂಡ್ರೆ, ಡಾಕ್ಟರ್ ಪೊಲೀಸರಿಗೆ ಕೊಡೋ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಹೇಳಬೇಕಿಲ್ಲ. ವರದಿ ಹೋಗುತ್ತೆ, ಹೆಸರು ಹೋಗಲ್ಲ. ಆದ್ರೆ ಗರ್ಭಪಾತಕ್ಕೆ ಪೋಷಕರ ಲಿಖಿತ ಒಪ್ಪಿಗೆ ಬೇಕೇ ಬೇಕು. ಮನೆಯಲ್ಲಿ ಹೇಳೋಕಾಗದವಳಿಗೆ ಬಾಗಿಲು ಇನ್ನೂ ಅರ್ಧವೇ ತೆರೆದಿದೆ.

ನಾನು ಓದಿದ್ದು ಬಿ.ಕಾಂ. ನಮ್ಮಲ್ಲಿ ಷರತ್ತನ್ನ ಮೊದಲೇ ಹೇಳದೆ ಸಹಿ ಹಾಕಿಸಿದ್ರೆ ಅದನ್ನ ಮೋಸ ಅಂತೀವಿ. ಕ್ಲಿನಿಕ್ಕಿನಲ್ಲೂ ಅಷ್ಟೇ ಆಗಬೇಕು. ಕೌನ್ಸೆಲರ್ ಮೊದಲ ಮಾತಲ್ಲೇ ಹೇಳ್ಬೇಕು: ‘ನೋಡಮ್ಮ, ಇದು ನನ್ನಲ್ಲೇ ಉಳಿಯುತ್ತೆ, ಇದನ್ನ ಮಾತ್ರ ನಾನು ತಿಳಿಸಬೇಕಾಗುತ್ತೆ, ತಿಳಿಸಿದ್ಮೇಲೆ ಹೀಗಾಗುತ್ತೆ.’ ಹೊಸ ಕಟ್ಟಡ ಬೇಡ, ಬಜೆಟ್ ಬೇಡ. ತರಬೇತಿ ಸಾಕು. ಗೋಡೆ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಸಾಕು.

ಈಗ ನಿಮಗೆ ಬೇಕಾಗೋ ವಿಷಯ. ದೌರ್ಜನ್ಯಕ್ಕೊಳಗಾದ ಮಗುವಿಗೆ ಸರ್ಕಾರಿ, ಖಾಸಗಿ ಯಾವ ಆಸ್ಪತ್ರೆಯಾದ್ರೂ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕು. ತುರ್ತು ಚಿಕಿತ್ಸೆಗೆ ‘ಮೊದಲು ಎಫ್‌ಐಆರ್ ತನ್ನಿ’ ಅನ್ನೋ ಹಾಗಿಲ್ಲ. ಹುಡುಗಿಯನ್ನ ಮಹಿಳಾ ವೈದ್ಯರೇ ಪರೀಕ್ಷಿಸಬೇಕು, ಅವಳು ನಂಬೋರು ಜೊತೆಗಿರಬಹುದು. ಇನ್ನೊಂದು, ಗೆಳತಿಯ ವಿಷಯ ಗೊತ್ತಿದ್ದೂ ಸುಮ್ಮನಿದ್ದ 16ರ ಹುಡುಗಿಗೆ ಆ ಜೈಲಿನ ಸೆಕ್ಷನ್ ಅನ್ವಯಿಸಲ್ಲ. ಹೆದರಿಕೊಂಡು ಗೆಳತಿಯ ಕೈ ಬಿಡಬೇಡಿ.

ಮಕ್ಕಳ ಸಹಾಯವಾಣಿ 1098. ಮನಸ್ಸು ಭಾರ ಆಗಿದ್ರೆ ಟೆಲಿ ಮನಸ್, 14416, ಕನ್ನಡದಲ್ಲೇ ಮಾತಾಡಬಹುದು. ಎರಡೂ ಫ್ರೀ. ಈಗಲೇ ಸೇವ್ ಮಾಡ್ಕೊಳ್ಳಿ, ನಾನು ಕಾಯ್ತೀನಿ.