ನಡುಹಗಲಲ್ಲಿ ಮೇಯದ ಕುರಿ

(ಉತ್ತಮ ಕುರಿಗಾಹಿಯ ಭಾನುವಾರದ ಪ್ರಬೋಧನೆ)



ಪಾಸ್ಖ ಕಾಲದ ನಾಲ್ಕನೆಯ ಭಾನುವಾರವಾದ ಇಂದು ಧರ್ಮಸಭೆ ಉತ್ತಮ ಕುರಿಗಾಹಿಯನ್ನು ಸ್ಮರಿಸುತ್ತದೆ. ನಮ್ಮ ನಾಡಿನಲ್ಲಿ ಈ ಭಾನುವಾರ ಬರುವುದು ಏಪ್ರಿಲ್-ಮೇ ತಿಂಗಳ ಸುಡುಬಿಸಿಲಿನಲ್ಲಿ. ಆದುದರಿಂದ ಇಂದು ಬಿಸಿಲಿಗೆ ಸಿಕ್ಕ ಕುರಿಯನ್ನೇ ಸ್ವಲ್ಪ ಗಮನಿಸೋಣ.

ಬಳ್ಳಾರಿ, ಕೊಪ್ಪಳ, ಚಿತ್ರದುರ್ಗದ ಬಯಲಿನಲ್ಲಿ ಕುರಿಮಂದೆಗಳನ್ನು ಕಂಡವರಿಗೆ ಇದು ಗೊತ್ತು. ಬೆಳಗ್ಗೆ ಚುರುಕಾಗಿ ಮೇಯುತ್ತಿದ್ದ ಕುರಿಗಳು ಬಿಸಿಲೇರುತ್ತಲೇ ಮೇವು ಬಿಡುತ್ತವೆ. ಮರವಿದ್ದರೆ ಮರದಡಿ ಸೇರುತ್ತವೆ. ಇಲ್ಲದಿದ್ದರೆ ಒಂದಕ್ಕೊಂದು ಒತ್ತಿಕೊಂಡು, ಪಕ್ಕದ ಕುರಿಯ ಹೊಟ್ಟೆಯ ನೆರಳಿನಲ್ಲಿ ತಲೆ ತೂರಿಸಿ ನಿಲ್ಲುತ್ತವೆ. ಕಾಲ ಬಳಿ ಹುಲ್ಲಿದ್ದರೂ ಬಾಯಿ ಹಾಕುವುದಿಲ್ಲ.

ಇದು ಹಟವೇ? ಸೋಮಾರಿತನವೇ? ಕುರಿಯ ಮೈಬಿಸಿ ಸುಮಾರು 39 ಡಿಗ್ರಿ ಸೆಲ್ಸಿಯಸ್. ತಿಂದ ಮೇವು ಅದರ ಮೊದಲ ಹೊಟ್ಟೆಯಲ್ಲಿ ಹುದುಗುವಾಗ ಮೈಯೊಳಗೇ ಶಾಖ ಹುಟ್ಟುತ್ತದೆ. ಒಣಗಿದ ನಾರುಮೇವಾದರೆ ಆ ಶಾಖ ಇನ್ನೂ ಹೆಚ್ಚು. ಹೊರಗೆ ಬಿಸಿಲು, ಒಳಗೆ ಮೇವಿನ ಬಿಸಿ! ಬೆವರಿ ತಣಿಯುವ ಶಕ್ತಿ ಕುರಿಗೆ ಕಡಿಮೆ. ಮುಖ್ಯವಾಗಿ ಏದುಸಿರಿನಿಂದಲೇ ಅದು ಮೈ ತಂಪು ಮಾಡಿಕೊಳ್ಳಬೇಕು. ತಂಪಿನಲ್ಲಿ ನಿಮಿಷಕ್ಕೆ 20-30 ಸಲ ಉಸಿರಾಡುವ ಕುರಿ, ಕಡುಬಿಸಿಲಿನಲ್ಲಿ 100 ಸಲಕ್ಕೂ ಮಿಕ್ಕಿ ಉಸಿರಾಡುತ್ತದೆ. ಅದು ಮೇವು ಬಿಡುವುದು ಜೀವ ಉಳಿಸಿಕೊಳ್ಳಲು. ಆದರೆ ದಿನಗಟ್ಟಲೆ ಹೀಗೇ ಆದರೆ ಮೈ ಇಳಿಯುತ್ತದೆ, ಹಾಲು ಬತ್ತುತ್ತದೆ, ಗಬ್ಬದ ಕುರಿಯ ಮರಿ ಬಡಕಲಾಗಿ ಹುಟ್ಟುತ್ತದೆ.

ಒಳ್ಳೆಯ ಕುರಿಗಾಹಿ ಆಗ ಕೋಲೆತ್ತುವುದಿಲ್ಲ. ಹೊತ್ತನ್ನು ಬದಲಿಸುತ್ತಾನೆ. ನಸುಕಿನಲ್ಲೇ ಮಂದೆ ಹೊರಡಿಸುತ್ತಾನೆ. ನಡುಹಗಲು ನೆರಳು, ನೀರು ಇರುವಲ್ಲಿ ತಂಗಿಸುತ್ತಾನೆ. ಬಿಸಿಲು ಇಳಿದ ಮೇಲೆ ಮತ್ತೆ ಮೇಯಿಸುತ್ತಾನೆ. ಪರಮಗೀತೆಯ ಮೊದಲ ಅಧ್ಯಾಯದಲ್ಲಿ ನಲ್ಲೆ ತನ್ನ ನಲ್ಲನಿಂದ ತಿಳಿಯಬಯಸುವುದೂ ಅವನ ಮಂದೆ ನಡುಹಗಲು ತಂಗುವ ತಾಣವನ್ನೇ. 23ನೆಯ ಕೀರ್ತನೆಯ ಕುರಿಗಾಹಿಯೂ ಕುರಿಗೆ ಹುಲ್ಲುಗಾವಲನ್ನಷ್ಟೇ ಅಲ್ಲ, ವಿಶ್ರಾಂತಿಯನ್ನೂ ಕೊಡುತ್ತಾನೆ. ಮಲಗಿ ಮೆಲುಕು ಹಾಕಿದರೆ ತಾನೇ ತಿಂದದ್ದು ಮೈಗೆ ಹತ್ತುವುದು?

ಪ್ರಿಯರೇ, ನಮ್ಮ ಮನೆಗಳಲ್ಲೂ ಮೇವು ಬಿಟ್ಟವರಿದ್ದಾರೆ. ಸಂಜೆಯ ಪ್ರಾರ್ಥನೆಗೆ ಕೂರದ ಮಗ, ಊಟ ಬೇಡವೆಂದು ಮೂಲೆ ಸೇರಿದ ಅಜ್ಜಿ, ದೇವಾಲಯದ ಬಾಗಿಲವರೆಗೆ ಬಂದು ಹಿಂದಿರುಗುವ ನೆರೆಯವರು. ಇವರನ್ನು ಹಟಮಾರಿಗಳೆಂದು ಜರೆಯುವುದು ಸುಲಭ. ಇವರ ನೆತ್ತಿಯ ಮೇಲಿರುವ ಬಿಸಿಲು ಯಾವುದು? ಸಾಲದ್ದೇ, ಕಾಯಿಲೆಯದೇ, ಯಾರೋ ಆಡಿದ ಮಾತಿನದೇ? ಬುದ್ಧಿಮಾತು ಎಷ್ಟೇ ಒಳ್ಳೆಯದಿರಲಿ, ಏದುಸಿರು ಬಿಡುವವನು ಅದನ್ನು ನುಂಗಲಾರ. ಮೊದಲು ನೆರಳು ಬೇಕು, ಗುಟುಕು ನೀರು ಬೇಕು, ಪಕ್ಕದಲ್ಲಿ ಸುಮ್ಮನೆ ಕೂರುವವರು ಬೇಕು. ಆಮೇಲೆ ಅವನೇ ಮೇವಿಗೆ ಬಾಯಿ ಹಾಕುತ್ತಾನೆ.

ಈ ವಾರ ಅಂಥ ಒಬ್ಬರ ಬಳಿಗೆ ಹೋಗೋಣ. ಹಾಗೆಯೇ, ನಿಮ್ಮ ಹೊಲದ ಮರದಡಿ ಕುರಿಮಂದೆಯೊಂದು ಬಂದು ನಿಂತರೆ ಗದರಿಸಿ ಅಟ್ಟಬೇಡಿ. ತೊಟ್ಟಿಗೆ ನಾಲ್ಕು ಕೊಡ ನೀರು ತುಂಬಿಸಿ. ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುವ ಪ್ರಭು ನಿಮ್ಮನ್ನು ಆಶೀರ್ವದಿಸಲಿ. ಆಮೆನ್.