ಹಾಲಕ್ಕಿಗೆ ಒಂದು ಪೊಟರೆ ಉಳಿಯಲಿ



ನಸುಕಿನಲ್ಲಿ ಮನೆಬಾಗಿಲಿಗೆ ಬರುವ ಬುಡಬುಡಿಕೆಯವನು ಹಾಲಕ್ಕಿ ಶುಭ ನುಡಿಯಿತೆಂದು ಸಾರುತ್ತಾನೆ. ಮನೆಯವರು ಸಂತೋಷದಿಂದ ಕಾಳು ನೀಡುತ್ತಾರೆ. ಅದೇ ಹಕ್ಕಿ ಹಗಲಿನಲ್ಲಿ ಕಣ್ಣಿಗೆ ಬಿದ್ದರೆ ಗೂಬೆಯೆಂದು ಕಲ್ಲೆಸೆಯುವವರೂ ಉಂಟು. ದನಿಗೆ ಗೌರವ, ದೇಹಕ್ಕೆ ಕಲ್ಲು!

ಹಾಲಕ್ಕಿಯು ಸುಮಾರು 21 ಸೆಂಟಿಮೀಟರ್ ಉದ್ದದ, ಕಂದು ಮೈಮೇಲೆ ಬಿಳಿಯ ಚುಕ್ಕೆಗಳುಳ್ಳ, ಹಳದಿ ಕಣ್ಣಿನ ಪುಟ್ಟ ಗೂಬೆ. ದಟ್ಟವಾದ ಅಡವಿಗಿಂತ ಊರಂಚಿನ ಮರ, ಹೊಲ, ಹಳೆಯ ಕಟ್ಟಡಗಳೇ ಅದಕ್ಕೆ ಪ್ರಿಯ. ಸಿಂಧನೂರಿನ ಕಾಲುವೆ ನೀರಿನ ಭತ್ತದ ಗದ್ದೆ, ಮಸ್ಕಿಯ ಕಲ್ಲುಗುಡ್ಡ, ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಂತಹ ಹಳೆಯ ಕೋಟೆಗೋಡೆ, ಇವೆಲ್ಲವೂ ಅದಕ್ಕೆ ಒಗ್ಗುವ ನೆಲೆಗಳು. ಇಲಿ, ಓತಿ, ಜೀರುಂಡೆ, ಮಿಡತೆಗಳು ಅದರ ಆಹಾರ. ಜೀರ್ಣವಾಗದ ಎಲುಬು, ಕೂದಲುಗಳನ್ನು ಅದು ಉಂಡೆಯಾಗಿ ಕಾರುತ್ತದೆ. ಮರದಡಿ ಬಿದ್ದ ಆ ಉಂಡೆಯನ್ನು ಬಿಡಿಸಿ ನೋಡಿದ ವಿದ್ಯಾರ್ಥಿಗೆ, ಈ ಹಕ್ಕಿ ರೈತನ ಶತ್ರುವೋ ಮಿತ್ರನೋ ಎಂಬುದು ತಾನಾಗಿಯೇ ತಿಳಿಯುತ್ತದೆ.

ಇಂತಹ ಮಿತ್ರನಿಗೆ ಮನೆಯ ಬಳಿಯೇ ಅಪಾಯಗಳಿವೆ. ಹಾಲಕ್ಕಿ ತಾನೇ ಪೊಟರೆ ಕೊರೆಯಲಾರದು. ಮುದಿ ಮರದ ಟೊಳ್ಳು ಅಥವಾ ಗೋಡೆಯ ಸಂದು ದೊರೆತರೆ ಮಾತ್ರ ಮೊಟ್ಟೆಯಿಡುತ್ತದೆ. ರಸ್ತೆ ಅಗಲಿಸಲು ಹುಣಸೆ, ಬೇವು ಉರುಳಿದಾಗ, ಮಣ್ಣಿನ ಮಾಳಿಗೆ ಹೋಗಿ ಸಿಮೆಂಟಿನ ಮನೆ ಎದ್ದಾಗ ಅದರ ಮನೆ ಹೋಗುತ್ತದೆ. ಇಲಿಪಾಷಾಣದ ಅಪಾಯ ಇದಕ್ಕಿಂತ ಗುಪ್ತವಾದುದು. ಬ್ರೊಮಾಡಿಯೊಲೋನ್ ತಿಂದ ಇಲಿ ಕೂಡಲೇ ಸಾಯದೆ ಕೆಲವು ದಿನ ನಿತ್ರಾಣವಾಗಿ ಅಲೆಯುತ್ತದೆ. ಅದನ್ನು ಹಿಡಿದು ತಿಂದ ಗೂಬೆಯ ಪಿತ್ತಜನಕಾಂಗದಲ್ಲಿ ವಿಷ ಸೇರಿಕೊಳ್ಳುತ್ತದೆ. ಬೀದಿದೀಪಕ್ಕೆ ಮುತ್ತುವ ಹುಳಗಳನ್ನು ಹಿಡಿಯಲು ಕೆಳಗೆರಗಿದಾಗ ವಾಹನಗಳಿಗೂ ಅದು ಬಲಿಯಾಗುತ್ತದೆ. ಮಾಟಮಂತ್ರಕ್ಕಾಗಿ ಗೂಬೆಗಳನ್ನು ಹಿಡಿದು ಮಾರುವ ದಂಧೆಯನ್ನು ಟ್ರಾಫಿಕ್ ಇಂಡಿಯಾ ಸಂಸ್ಥೆಯ 2010ರ ವರದಿ ಬಯಲಿಗೆಳೆಯಿತು. ಗೂಬೆಯನ್ನು ಹಿಡಿಯುವುದು, ಕೊಲ್ಲುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಪರಿಹಾರ ಪ್ರತಿಯೊಂದು ಮನೆಯ ಕೈಯಲ್ಲಿದೆ. ಇಲಿಗೆ ಮೊದಲು ಬೋನು. ವಿಷ ಕಟ್ಟಕಡೆಯ ಉಪಾಯವಾಗಲಿ. ಟೊಳ್ಳುಮರವನ್ನು ಕಡಿಯುವ ಮುನ್ನ ಒಳಗೆ ಮರಿಗಳಿವೆಯೇ ಎಂದು ನೋಡಲಿ. ಕೆಳಗೆ ಬಿದ್ದ ಮರಿಗೆ ಗಾಯವಿಲ್ಲದಿದ್ದರೆ ಮನೆಗೊಯ್ಯದೆ ಹತ್ತಿರದ ಕೊಂಬೆಯ ಮೇಲೆ ಕೂರಿಸಲಿ. ತಾಯ್ತಂದೆಯರು ಬಂದು ಉಣಿಸುತ್ತವೆ.

ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ಬೆಳಕಿಗೆ ಬಂದದ್ದು ಮಸ್ಕಿಯ ಬಂಡೆಯಲ್ಲಿ. ಗಿಳಿ, ಬಾವಲಿ ಮೊದಲಾದ ಜೀವಿಗಳನ್ನು ಕೊಲ್ಲಬಾರದೆಂದು ತನ್ನ ಸ್ತಂಭಶಾಸನದಲ್ಲಿ ಬರೆಸಿದ ಅರಸನವನು. ಅವನ ಹೆಸರನ್ನು ಕಾಪಾಡಿದ ನಾಡಿಗೆ ಒಂದು ಪುಟ್ಟ ಗೂಬೆಯನ್ನು ಕಾಪಾಡುವುದು ಭಾರವಾಗದು.