ಮಣ್ಣಿಗೆ ಮರಳುವ ಪ್ಲಾಸ್ಟಿಕ್‌ಗೆ ಜೇಡಿಮಣ್ಣಿನ ಬಲ

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಮಾಸಿಕ ಸಭೆಯಲ್ಲಿ ನೀಡಿದ ಮಾಹಿತಿ)



ಕಳೆದ ವರ್ಷದ ಚರ್ಚ್ ಹಬ್ಬ ನಿಮಗೆ ನೆನಪಿರಬಹುದು. "ಮಣ್ಣಲ್ಲಿ ಕರಗುತ್ತದೆ" ಎಂಬ ಮಾತನ್ನು ನಂಬಿ ನಾವು ಹಸಿರು ಚೀಲಗಳನ್ನು ಕೊಂಡೆವು. ಊಟದ ಎಂಜಲು ತುಂಬಿ ಗೊಬ್ಬರದ ಗುಂಡಿಗೆ ಹಾಕಿದೆವು. ಮಳೆಗಾಲ ಕಳೆದು ಗುಂಡಿ ತೆಗೆದರೆ ಅನ್ನ, ಬಾಳೆಎಲೆ ಎಲ್ಲ ಗೊಬ್ಬರವಾಗಿತ್ತು. ಚೀಲ ಮಾತ್ರ ಚೂರುಚೂರಾಗಿ ಗೊಬ್ಬರದ ತುಂಬ ಹರಡಿತ್ತು. ಅದನ್ನು ಹೆಕ್ಕಲು ನಮಗೆ ಎರಡು ದಿನ ಹಿಡಿಯಿತು. ಆಗ ಒಬ್ಬ ಅಕ್ಕ ಕೇಳಿದರು: "ಕರಗುವ ಪ್ಲಾಸ್ಟಿಕ್ ಅಂತ ನಿಜವಾಗಿ ಇದೆಯಾ, ಇಲ್ಲ ಎಲ್ಲ ಮೋಸವಾ?"

ಇದೆ. ಮೆಕ್ಕೆಜೋಳದ ಪಿಷ್ಟ ಇಲ್ಲವೇ ಕಬ್ಬಿನ ಸಕ್ಕರೆಯನ್ನು ಹುಳಿ ಬರಿಸಿ ಪಿ.ಎಲ್.ಎ. ಎಂಬ ಪ್ಲಾಸ್ಟಿಕ್ ಮಾಡುತ್ತಾರೆ. ಅದು ಗಡುಸು, ಬಗ್ಗಿಸಿದರೆ ಮುರಿಯುತ್ತದೆ. ಆದ್ದರಿಂದ ಅದಕ್ಕೆ ಪಿ.ಬಿ.ಎ.ಟಿ. ಎಂಬ ಮೆತ್ತನೆಯ, ಕೊಳೆಯಬಲ್ಲ ಪ್ಲಾಸ್ಟಿಕ್ ಬೆರೆಸುತ್ತಾರೆ. ಆದರೆ ಇವೆರಡೂ ಎಣ್ಣೆ-ನೀರಿನ ಹಾಗೆ, ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಕೂಡದ ಕಡೆಯಲ್ಲಿ ಚೀಲ ಹರಿಯುತ್ತದೆ.

ಇಲ್ಲಿ ಸಹಾಯಕ್ಕೆ ಬರುವುದು ಜೇಡಿಮಣ್ಣು. ಗುಜರಾತಿನ ಕಛ್, ರಾಜಸ್ಥಾನದ ಬಾರ್ಮೇರ್ ಕಡೆ ಸಿಗುವ ಬೆಂಟೊನೈಟ್ ಜೇಡಿಯೊಳಗೆ ತೆಳುವಾದ ಹಾಳೆಗಳು ಪುಸ್ತಕದ ಪುಟಗಳಂತೆ ಒತ್ತಾಗಿ ಕುಳಿತಿರುತ್ತವೆ. ಒಂದು ಹಾಳೆಯ ದಪ್ಪ ಸುಮಾರು 1 ನ್ಯಾನೊಮೀಟರ್, ಅಂದರೆ 1 ಮಿಲಿಮೀಟರಿನ 10 ಲಕ್ಷದಲ್ಲಿ ಒಂದು ಪಾಲು. ಈ ಜೇಡಿಗೆ ನೀರೆಂದರೆ ಇಷ್ಟ, ಪ್ಲಾಸ್ಟಿಕ್ ಎಂದರೆ ಆಗದು. ಆದ್ದರಿಂದ ಹಾಳೆಗಳ ನಡುವಿನ ಸೋಡಿಯಂ ತೆಗೆದು, ಅಲ್ಲಿ ಒಂದು ಬಗೆಯ ಸಾವಯವ ಅಮೋನಿಯಂ ಲವಣ ಸೇರಿಸುತ್ತಾರೆ. ಆಗ ಹಾಳೆಗಳು ದೂರ ಸರಿದು ಪ್ಲಾಸ್ಟಿಕ್‌ಗೆ ಒಳಗೆ ದಾರಿ ಬಿಡುತ್ತವೆ.

ಸಾಮಾನ್ಯವಾಗಿ 100 ಕಿಲೋಗೆ 2ರಿಂದ 5 ಕಿಲೋ ಜೇಡಿ ಸಾಕು. ಹೆಚ್ಚು ಹಾಕಿದರೆ ರಾಗಿ ಹಿಟ್ಟು ಗಂಟು ಕಟ್ಟಿದ ಹಾಗೆ ಆಗಿ, ಚೀಲ ಮತ್ತೆ ದುರ್ಬಲವಾಗುತ್ತದೆ. ಚೆನ್ನಾಗಿ ಹರಡಿದರೆ ಎರಡೂ ಪ್ಲಾಸ್ಟಿಕ್‌ಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ, ಚೀಲ ಗಟ್ಟಿಯಾಗುತ್ತದೆ. ಮಾಡಿನ ಹಂಚುಗಳಂತೆ ಹಾಳೆಗಳು ಅಡ್ಡ ನಿಲ್ಲುವುದರಿಂದ ಗಾಳಿ, ತೇವ ಸುತ್ತಿ ಬಳಸಿ ಬರಬೇಕಾಗುತ್ತದೆ. ಒಳಗಿನ ತಿಂಡಿ ಹೆಚ್ಚು ದಿನ ಕೆಡುವುದಿಲ್ಲ. 1980ರ ದಶಕದಲ್ಲಿ ಜಪಾನಿನ ಟೊಯೊಟಾ ಸಂಶೋಧಕರು ನೈಲಾನ್‌ಗೆ ಇದೇ ರೀತಿ ಜೇಡಿ ಬೆರೆಸಿ ಗಟ್ಟಿ ಮಾಡಿದ್ದರು.

ಆದರೆ ಒಂದು ಮಾತು ನೆನಪಿಡಿ. ಗಟ್ಟಿಯಾಗುವುದು ಬೇರೆ, ಕೊಳೆಯುವುದು ಬೇರೆ. ಜೇಡಿಯ ಬಗೆ ಮತ್ತು ಸೇರಿಸಿದ ಲವಣ ನೋಡಿಕೊಂಡು ಕೊಳೆಯುವುದು ಬೇಗವೂ ಆಗಬಹುದು, ತಡವೂ ಆಗಬಹುದು. ಪಿ.ಎಲ್.ಎ. ಚೆನ್ನಾಗಿ ಕೊಳೆಯಲು ಸುಮಾರು 58 ಡಿಗ್ರಿ ಶಾಖ ಬೇಕು. ನಮ್ಮ ಹಿತ್ತಲಿನ ಗುಂಡಿಯಲ್ಲಿ ಅಷ್ಟು ಶಾಖ ನಿಲ್ಲುವುದಿಲ್ಲ. ಹಾಗಾಗಿ ಪರೀಕ್ಷೆಯಾಗದ ಚೀಲವನ್ನು ನಂಬಬೇಡಿ. ಐ.ಎಸ್./ಐ.ಎಸ್.ಒ. 17088 ಮಾನದಂಡದ ಪ್ರಕಾರ, ಗೊಬ್ಬರ ತಯಾರಿಕಾ ಘಟಕದಂಥ ಶಾಖ, ತೇವದಲ್ಲಿ 12 ವಾರದ ನಂತರ 2 ಮಿಲಿಮೀಟರ್ ಜರಡಿಯ ಮೇಲೆ ಶೇಕಡಾ 10ಕ್ಕಿಂತ ಹೆಚ್ಚು ಉಳಿಯಬಾರದು. ಆ ಗೊಬ್ಬರದಲ್ಲಿ ಗಿಡವೂ ಚೆನ್ನಾಗಿ ಬೆಳೆಯಬೇಕು.

ಆದ್ದರಿಂದ ಕೊಳ್ಳುವಾಗ ಹೀಗೆ ಮಾಡೋಣ:

• ಚೀಲದ ಮೇಲೆ "ಕಂಪೋಸ್ಟೆಬಲ್" ಎಂಬ ಮಾತು, ತಯಾರಕರ ಹೆಸರು ಮತ್ತು ಪ್ರಮಾಣಪತ್ರದ ಸಂಖ್ಯೆ ಇದೆಯೇ ನೋಡುವುದು. ಹಸಿರು ಬಣ್ಣ, ಎಲೆಯ ಚಿತ್ರ ಸಾಕ್ಷಿಯಲ್ಲ.

• "ಆಕ್ಸೊ" ಎಂದು ಬರೆದ ಚೀಲ ಬೇಡ. ಅದು ಚೂರಾಗುತ್ತದೆ, ಆದರೆ ಚೂರು ಗೊಬ್ಬರವಾಗುವುದಿಲ್ಲ.

• ಸರಿಯಾದ ಚೀಲವನ್ನೂ ಗೊಬ್ಬರ ಘಟಕಕ್ಕೇ ಕಳಿಸುವುದು. ತೋಡಿಗೆ, ದನದ ಬಾಯಿಗೆ ಹೋಗಬಾರದು. ಸುಡುವುದಂತೂ ಬೇಡವೇ ಬೇಡ.

2015ರ "ಲೌದಾತೊ ಸಿ" ವಿಶ್ವಪತ್ರದಲ್ಲಿ ಪೋಪ್ ಫ್ರಾನ್ಸಿಸ್‌ರವರು ಪ್ಲಾಸ್ಟಿಕ್ ಕಡಿಮೆ ಮಾಡುವಂಥ ಸಣ್ಣ ಕೆಲಸಗಳನ್ನೂ ಸೃಷ್ಟಿಯ ಪಾಲನೆ ಎಂದೇ ಎಣಿಸಿದ್ದಾರೆ. ವಿಜ್ಞಾನ ಒಳ್ಳೆಯ ಚೀಲ ಕೊಡಲಿ, ಸ್ವಾಗತಿಸೋಣ. ಆದರೆ ಮೊದಲ ಆಯ್ಕೆ ನಮ್ಮ ಬಟ್ಟೆಚೀಲ, ಹಾಳೆತಟ್ಟೆಯೇ ಆಗಿರಲಿ. ಈ ವರ್ಷದ ಹಬ್ಬಕ್ಕೆ ಹಾಗೆಯೇ ಮಾಡೋಣ. ಮುಂದಿನ ಮಳೆಗಾಲ ಕಳೆದು ಗುಂಡಿ ತೆಗೆದಾಗ ನಮ್ಮ ಕೈಗೆ ಗೊಬ್ಬರ ಮಾತ್ರ ಸಿಗಲಿ.